ಲೆಕ್ಕಕ್ಕೆ ಬಾರದ ಆರು ತಿಂಗಳು

ಅಮೆರಿಕದಲ್ಲಿ ನೆಲೆಸಿರುವ ಕನ್ನಡ ದಂಪತಿಗಳ ಮನೆಯಲ್ಲಿ ಮಗು ಹುಟ್ಟುವ ಸುದ್ದಿ ಖಚಿತವಾದೊಡನೆ ಎರಡು ದಿನಾಂಕಗಳ ಲೆಕ್ಕ ಆರಂಭವಾಗುತ್ತದೆ. ಒಂದು, ವೈದ್ಯರು ಸೂಚಿಸಿದ ಹೆರಿಗೆಯ ದಿನ. ಇನ್ನೊಂದು, ಊರಿನಿಂದ ಅಮ್ಮ ವಿಮಾನ ಹತ್ತಬೇಕಾದ ದಿನ. ಸಂದರ್ಶಕ ವೀಸಾದಲ್ಲಿ ಬಂದವರಿಗೆ ಸಾಮಾನ್ಯವಾಗಿ ಒಂದು ಸಲಕ್ಕೆ ಆರು ತಿಂಗಳ ವಾಸಕ್ಕಷ್ಟೇ ಅನುಮತಿ ದೊರೆಯುವುದರಿಂದ ಅನೇಕ ಮನೆಗಳಲ್ಲಿ ಮಗುವಿನ ಮೊದಲ ವರ್ಷವನ್ನು ಎರಡು ಪಾಳಿಗಳಾಗಿ ಹಂಚಲಾಗುತ್ತದೆ: ಮೊದಲ ಆರು ತಿಂಗಳು ಹೆಣ್ಣಿನ ಕಡೆಯವರದು, ಮುಂದಿನ ಆರು ತಿಂಗಳು ಗಂಡಿನ ಕಡೆಯವರದು. ಮಕ್ಕಳನ್ನು ಸಾಕಿ, ಓದಿಸಿ, ಕಳುಹಿಸಿಕೊಟ್ಟಲ್ಲಿಗೆ ಮುಗಿಯಿತು ಎಂದುಕೊಂಡಿದ್ದ ಹೆತ್ತವರ ಪಾತ್ರ ಅರವತ್ತರ ಆಸುಪಾಸಿನಲ್ಲಿ ಹೊಸದಾಗಿ ಶುರುವಾಗುತ್ತದೆ. ಈ ಪಾತ್ರವನ್ನು ಪ್ರೀತಿ ಎಂದು ಕರೆಯುವುದು ರೂಢಿ. ಅದು ದುಡಿಮೆಯೂ ಹೌದು ಎಂದು ಒಪ್ಪಿಕೊಳ್ಳಲು ಪ್ರಗತಿಪರ ಅನಿವಾಸಿ ಸಮುದಾಯ ಇನ್ನೂ ಹಿಂಜರಿಯುತ್ತಿದೆ.

ಕರ್ನಾಟಕದ ರೂಢಿಯಲ್ಲಿ ಬಾಣಂತನಕ್ಕೆ ಮಗಳು ತವರಿಗೆ ಬರುತ್ತಿದ್ದಳು. ಈಗ ತವರೇ ಮಗಳಿರುವಲ್ಲಿಗೆ ಹೋಗುತ್ತದೆ. ದಿಕ್ಕು ಮಾತ್ರ ಬದಲಾದದ್ದಲ್ಲ, ಕೆಲಸದ ಹಂಚಿಕೆಯೂ ಬದಲಾಯಿತು. ಊರಿನ ಮನೆಯಲ್ಲಿ ಹೆರಿಗೆ ಮಾಡಿಸಲು ಸೂಲಗಿತ್ತಿ, ಮಗುವಿಗೆ ನೀರೆರೆಯಲು ಪಳಗಿದ ಕೈಯ ಹೆಂಗಸು, ಒಲೆಯ ಮುಂದೆ ಅತ್ತಿಗೆ, ತೊಟ್ಟಿಲು ತೂಗಲು ಚಿಕ್ಕಮ್ಮ ಇರುತ್ತಿದ್ದರು. ಆ ವ್ಯವಸ್ಥೆಯನ್ನು ಹೊಗಳಬೇಕಾಗಿಲ್ಲ. ಅಲ್ಲಿ ಯಾರು ಯಾವ ಕೆಲಸ ಮಾಡಬೇಕೆಂಬುದನ್ನು ಜಾತಿ ಮತ್ತು ಬಡತನಗಳು ನಿರ್ಧರಿಸುತ್ತಿದ್ದವು. ಸಾವಿರಾರು ಹೆರಿಗೆ ಮಾಡಿಸಿದ ಪಾವಗಡದ ಸೂಲಗಿತ್ತಿ ನರಸಮ್ಮನವರಿಗೆ ಪದ್ಮಶ್ರೀ ಬಂದದ್ದು 2018ರಲ್ಲಿ, ಅವರು ತೀರಿಕೊಂಡ ವರ್ಷ. ಆದರೂ ಅಲ್ಲಿ ಭಾರ ಹಲವರ ನಡುವೆ ಹಂಚಿಹೋಗುತ್ತಿತ್ತು. ಟೆಕ್ಸಾಸಿನ ಅಥವಾ ನ್ಯೂಜೆರ್ಸಿಯ ಬಡಾವಣೆಯ ಮನೆಯಲ್ಲಿ ಅಷ್ಟೂ ಕೆಲಸ ಮಂಡಿನೋವಿರುವ, ಕಾರು ಓಡಿಸಲು ಬಾರದ, ಮಾತಿಗೆ ನೆರೆಯವರಿಲ್ಲದ ಒಬ್ಬಳೇ ಹೆಂಗಸಿನ ಹೆಗಲಿಗೆ ಬೀಳುತ್ತದೆ. ಬಾಣಂತಿಗೆ ಮೆಣಸಿನ ಸಾರು, ಅಂಟಿನುಂಡೆ, ಮಗುವಿಗೆ ಎಣ್ಣೆ ನೀರು, ರಾತ್ರಿಯ ಎಚ್ಚರ, ಹಿರಿಯ ಮೊಮ್ಮಗುವಿದ್ದರೆ ಅದರ ಊಟದ ಡಬ್ಬಿ, ಎಲ್ಲವೂ ಅವಳದೇ.

ಕೆಲಸ ಬೆಳೆದಷ್ಟು ಅಧಿಕಾರ ಬೆಳೆಯಲಿಲ್ಲ. ತನ್ನ ಮನೆಯಲ್ಲಿ ಯಾವುದು ಎಲ್ಲಿರಬೇಕೆಂದು ತೀರ್ಮಾನಿಸುತ್ತಿದ್ದವಳು ಇಲ್ಲಿ ಅತಿಥಿ. ಮಗುವಿಗೆ ಜೇನು ನೆಕ್ಕಿಸಬಾರದು, ಬಜೆ ತೇಯ್ದು ಕೊಡಬಾರದು, ಮಗ್ಗುಲಲ್ಲಿ ಮಲಗಿಸಿಕೊಳ್ಳಬಾರದು ಎಂಬ ಸೂಚನೆಗಳು ಅವಳಿಗೆ ದಿನವೂ ಸಿಗುತ್ತವೆ. ವರ್ಷ ತುಂಬದ ಮಗುವಿಗೆ ಜೇನು ಅಪಾಯಕಾರಿ ಎಂಬಂಥ ಸೂಚನೆಗಳಿಗೆ ವೈಜ್ಞಾನಿಕ ಆಧಾರವಿದೆ, ಅವನ್ನು ಬಿಡಲಾಗದು. ಆದರೆ ತಾಯಿಯ ತಿಳಿವಳಿಕೆಯನ್ನು ಸಾರಾಸಗಟಾಗಿ ಬದಿಗಿರಿಸಿ ಅವಳ ಕೈಗಳನ್ನು ಮಾತ್ರ ಉಳಿಸಿಕೊಂಡಾಗ ಅವಳು ಹಿರಿಯಳಾಗಿ ಉಳಿಯುವುದಿಲ್ಲ, ಕೆಲಸದವಳಾಗುತ್ತಾಳೆ. ಇದರ ನಡುವೆ ಒಂದು ಒಳ್ಳೆಯ ಬದಲಾವಣೆಯೂ ಕಾಣುತ್ತದೆ. ಊರಿನಲ್ಲಿ ಕುಡಿದ ಲೋಟವನ್ನು ಎತ್ತಿಡದಿದ್ದ ನಿವೃತ್ತ ಅಧಿಕಾರಿಗಳು, ಮೇಷ್ಟರುಗಳು ಇಲ್ಲಿ ಪಾತ್ರೆ ಒರೆಸುತ್ತಾರೆ, ಮೊಮ್ಮಗುವನ್ನು ಗಾಡಿಯಲ್ಲಿ ಕೂರಿಸಿ ತಳ್ಳುತ್ತಾರೆ. ಮನೆಗೆಲಸ ಹೆಣ್ಣಿನ ಸ್ವಭಾವವೆಂಬ ವಾದ ಸುಳ್ಳೆನ್ನಲು ಇದಕ್ಕಿಂತ ಸರಳ ಸಾಕ್ಷ್ಯ ಬೇಕಿಲ್ಲ. 2019ರ ಭಾರತದ ಸಮಯ ಬಳಕೆ ಸಮೀಕ್ಷೆಯ ಪ್ರಕಾರ ಸಂಬಳವಿಲ್ಲದ ಮನೆಗೆಲಸದಲ್ಲಿ ಭಾಗವಹಿಸುವ ಪುರುಷರು ಕೇವಲ ಶೇ. 26.1, ಮಹಿಳೆಯರು ಶೇ. 81.2. ಊರಿಗೆ ಮರಳಿದ ಮೇಲೂ ಅಜ್ಜಂದಿರ ಈ ಅಭ್ಯಾಸ ಉಳಿದರೆ ವಲಸೆಯಿಂದ ಆದ ಲಾಭಗಳಲ್ಲಿ ಅದನ್ನೂ ಸೇರಿಸಬಹುದು.

ಇಷ್ಟಕ್ಕೂ ಈ ಪಾಳಿ ಏಕೆ ಬೇಕಾಯಿತು? ಉತ್ತರ ಕುಟುಂಬದ ಒಳಗಿಲ್ಲ. ಅಮೆರಿಕದಲ್ಲಿ 1993ರ ಕೌಟುಂಬಿಕ ರಜೆಯ ಕಾನೂನು ಕೊಡುವುದು 12 ವಾರಗಳ ಸಂಬಳವಿಲ್ಲದ ರಜೆ. ಅದೂ 50 ಅಥವಾ ಹೆಚ್ಚು ನೌಕರರಿರುವ ಕಂಪನಿಗಳಲ್ಲಿ, ಕನಿಷ್ಠ ಒಂದು ವರ್ಷ ದುಡಿದವರಿಗೆ. ಕೆಲವು ರಾಜ್ಯಗಳು ಮುಂದೆ ಹೋಗಿವೆಯಾದರೂ ಖಾಸಗಿ ವಲಯದ ತಾಯಂದಿರೆಲ್ಲರಿಗೂ ಸಂಬಳಸಹಿತ ರಜೆ ಕೊಡುವ ರಾಷ್ಟ್ರಮಟ್ಟದ ಕಾನೂನಿಲ್ಲ. ಅತ್ತ ಭಾರತ 2017ರ ತಿದ್ದುಪಡಿಯ ಮೂಲಕ ಸಂಘಟಿತ ವಲಯದ ಮಹಿಳೆಯರಿಗೆ ಮೊದಲ ಎರಡು ಹೆರಿಗೆಗಳಿಗೆ 26 ವಾರಗಳ ಸಂಬಳಸಹಿತ ರಜೆ ನೀಡಿದೆ. ಅಸಂಘಟಿತ ವಲಯದ ಕೋಟ್ಯಂತರ ಮಹಿಳೆಯರು ಅದರ ಹೊರಗೇ ಉಳಿದಿದ್ದಾರೆ ಎಂಬುದು ಬೇರೆ ಮಾತು. ಶ್ರೀಮಂತ ದೇಶವೊಂದು ಕೊಡದ ರಜೆಯನ್ನು, ಶಿಶುಪಾಲನಾ ಕೇಂದ್ರದ ದುಬಾರಿ ಶುಲ್ಕವನ್ನು ಶಿವಮೊಗ್ಗದ ಅಥವಾ ಧಾರವಾಡದ ತಾಯಿಯೊಬ್ಬಳು ತನ್ನ ನಿದ್ದೆಗೆಟ್ಟು ತುಂಬಿಕೊಡುತ್ತಿದ್ದಾಳೆ. ಉದ್ಯೋಗಿ ಹೊತ್ತಿಗೆ ಸರಿಯಾಗಿ ಕೆಲಸಕ್ಕೆ ಮರಳಿದಳೆಂದು ಕಂಪನಿ ಸಂತೋಷಪಡುತ್ತದೆ. ಆ ಮರಳುವಿಕೆಯ ಹಿಂದಿನ ದುಡಿಮೆ ಯಾವ ದೇಶದ ರಾಷ್ಟ್ರೀಯ ಉತ್ಪನ್ನದಲ್ಲೂ ದಾಖಲಾಗುವುದಿಲ್ಲ.

ದುಡಿಯುವಾಗ ಸಂದರ್ಶಕರಾಗಿ ಬರಮಾಡಿಕೊಳ್ಳುವ ದೇಶಗಳು ಅದೇ ಹೆತ್ತವರು ಆರೈಕೆ ಬೇಡುವ ವಯಸ್ಸಿಗೆ ಬಂದಾಗ ಬಾಗಿಲು ಮುಚ್ಚುತ್ತವೆ. 2012ರ ಬ್ರಿಟನ್ನಿನ ನಿಯಮ ನೋಡಬೇಕು: ದಿನನಿತ್ಯದ ಕೆಲಸಗಳಿಗೂ ಪರರನ್ನು ಅವಲಂಬಿಸುವ ಸ್ಥಿತಿಗೆ ತಂದೆತಾಯಿ ತಲುಪಿರಬೇಕು, ಮಕ್ಕಳು ಹಣ ಕಳುಹಿಸಿದರೂ ತಾಯ್ನಾಡಿನಲ್ಲಿ ಆ ಆರೈಕೆ ಸಿಗದೆಂದು ಸಾಬೀತುಪಡಿಸಬೇಕು. ಅಮೆರಿಕದ ಪ್ರಜೆಗಳು ತಂದೆತಾಯಿಗೆ ಗ್ರೀನ್ ಕಾರ್ಡ್ ಕೋರಬಹುದು. ಆದರೆ ಉದ್ಯೋಗಾಧಾರಿತ ಗ್ರೀನ್ ಕಾರ್ಡುಗಳಲ್ಲಿ ಯಾವುದೇ ದೇಶಕ್ಕೆ ಶೇ. 7ರ ಮಿತಿ ಇರುವುದರಿಂದ ಭಾರತದಲ್ಲಿ ಹುಟ್ಟಿದ ಅನೇಕರಿಗೆ ಪೌರತ್ವ ಕೈಗೆಟಕುವ ಹೊತ್ತಿಗೆ ಹೆತ್ತವರು ಪ್ರಯಾಣದ ಶಕ್ತಿ ಕಳೆದುಕೊಂಡಿರುತ್ತಾರೆ. ಕೆನಡಾದ ಸೂಪರ್ ವೀಸಾ 2022ರಿಂದ ಒಂದು ಸಲಕ್ಕೆ ಐದು ವರ್ಷಗಳ ವಾಸಕ್ಕೆ ಅವಕಾಶ ಕೊಟ್ಟಿದೆ. ಆರೋಗ್ಯ ವಿಮೆಯ ಖರ್ಚು ಮಾತ್ರ ಕುಟುಂಬದ್ದೇ.

ಹೀಗೆ ಊರಿನಲ್ಲಿ ಉಳಿದ ವೃದ್ಧರನ್ನು ನೋಡಿಕೊಳ್ಳುವವರು ಹೋಂ ನರ್ಸುಗಳು. ಅವರಲ್ಲಿ ಎಷ್ಟೋ ಮಂದಿ ತಮ್ಮ ಮಕ್ಕಳನ್ನು ಹಳ್ಳಿಯಲ್ಲಿ ಅಜ್ಜಿಯ ಬಳಿ ಬಿಟ್ಟು ಬಂದ ಹೆಣ್ಣುಮಕ್ಕಳು. ಸಮಾಜಶಾಸ್ತ್ರಜ್ಞೆ ಆರ್ಲಿ ಹಾಕ್‌ಶೀಲ್ಡ್ 2000ದಲ್ಲಿ ಗುರುತಿಸಿದ ಆರೈಕೆಯ ಜಾಗತಿಕ ಸರಪಳಿ ಇದೇ. ಸರಪಳಿ ಕೆಳಗಿಳಿದಂತೆ ಸಂಬಳ ಕಡಿಮೆಯಾಗುತ್ತ ಹೋಗಿ ಕೊನೆಯ ಕೊಂಡಿಯಲ್ಲಿ ಮತ್ತೆ ಸಂಬಳವಿಲ್ಲದ ಅಜ್ಜಿಯೊಬ್ಬಳು ಸಿಗುತ್ತಾಳೆ. ಮನೆಗೆಲಸದವರ ಹಕ್ಕುಗಳ ಕುರಿತ ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆಯ 2011ರ ಒಪ್ಪಂದವನ್ನು ಭಾರತವಾಗಲಿ ಅಮೆರಿಕವಾಗಲಿ ಅನುಮೋದಿಸಿಲ್ಲ. ಭಾರತದ 2007ರ ಪೋಷಕರ ಹಾಗೂ ಹಿರಿಯ ನಾಗರಿಕರ ಪಾಲನೆಯ ಕಾಯ್ದೆ ವಿದೇಶದಲ್ಲಿರುವ ಭಾರತೀಯ ಪ್ರಜೆಗಳಿಗೂ ಅನ್ವಯಿಸುತ್ತದೆ. ಆದರೆ ಅದು ಮಕ್ಕಳ ಕರ್ತವ್ಯವನ್ನು ಪ್ರಧಾನವಾಗಿ ಮಾಸಾಶನದ ಮೊತ್ತದಲ್ಲಿ ಅಳೆಯುತ್ತದೆ.

ಅಜ್ಜ ಅಜ್ಜಿಯರು ಇಷ್ಟಪಟ್ಟೇ ಬರುತ್ತಾರೆ, ಮೊಮ್ಮಕ್ಕಳ ಒಡನಾಟಕ್ಕೆ ಬೆಲೆ ಕಟ್ಟುವುದು ಅವಮಾನ ಎಂಬ ಆಕ್ಷೇಪಣೆ ಬರಬಹುದು. ಅದರಲ್ಲಿ ಹುರುಳಿದೆ. ಮೊಮ್ಮಕ್ಕಳಿಗೆ ದಕ್ಕುವ ಕನ್ನಡದಲ್ಲಿ ಬಹುಪಾಲು ಈ ಆರು ತಿಂಗಳುಗಳದ್ದೇ. ವಾರಾಂತ್ಯದ ಕನ್ನಡ ಶಾಲೆಗಳು ಅದನ್ನು ಸರಿಗಟ್ಟಲಾರವು. ಆದರೆ ಲೆಕ್ಕವಿಡುವುದೆಂದರೆ ಕೂಲಿ ಕೊಡುವುದೆಂದಲ್ಲ. ಇಷ್ಟಪಟ್ಟು ಮಾಡಿದ ಕೆಲಸವೂ ದಣಿಸುತ್ತದೆ. ಬೇರೆ ದಾರಿಯಿಲ್ಲವೆಂದು ತಿಳಿದ ತಾಯಿಯ ಒಪ್ಪಿಗೆಯನ್ನು ಪೂರ್ಣ ಒಪ್ಪಿಗೆ ಎನ್ನಲೂ ಆಗದು.

ಆದ್ದರಿಂದ ಕೆಲವು ಕೆಲಸಗಳು ತುರ್ತಾಗಿವೆ. ಟಿಕೆಟ್ ಕಾಯ್ದಿರಿಸುವ ಮೊದಲು ಅಮ್ಮನ ಆರೋಗ್ಯ, ವಿರಾಮ, ವಿಮೆ ಮತ್ತು ಇಚ್ಛೆಯ ಬಗ್ಗೆ ಮಾತಾಗಬೇಕು. ಬರಲಾರೆ ಎನ್ನುವ ಸ್ವಾತಂತ್ರ್ಯ ಅವಳಿಗಿರಬೇಕು. ಬಾಣಂತನದ ರಾತ್ರಿಗಳಲ್ಲಿ ಮಗುವಿನ ತಂದೆ ಸಮಪಾಲು ಹೊರಬೇಕು. ಊರಿನ ಹೋಂ ನರ್ಸಿಗೆ ನ್ಯಾಯಯುತ ಸಂಬಳ ಮತ್ತು ವಾರದ ರಜೆ ಸಿಗುವಂತೆ ನೋಡಿಕೊಳ್ಳುವುದು ಹಣ ಕಳುಹಿಸುವವರ ಹೊಣೆ. ಇವೆಲ್ಲಕ್ಕಿಂತ ಮುಖ್ಯವಾಗಿ, ನೆಲೆಸಿದ ದೇಶದಲ್ಲಿ ಸಂಬಳಸಹಿತ ರಜೆಗಾಗಿ, ಸಾರ್ವಜನಿಕ ಶಿಶುಪಾಲನೆಗಾಗಿ, ಹೆತ್ತವರ ವೀಸಾಗಾಗಿ ನಡೆಯುವ ಹೋರಾಟಗಳಲ್ಲಿ ಅನಿವಾಸಿ ಕನ್ನಡಿಗರು ಕಾಣಿಸಿಕೊಳ್ಳಬೇಕು. ಆ ಬೇಡಿಕೆಗಳು ಇತರ ವಲಸಿಗರದೂ ಹೌದು, ಅಲ್ಲಿನ ಬಡ ತಾಯಂದಿರದೂ ಹೌದು. ಊರಿನಿಂದ ಅಮ್ಮನನ್ನು ಕರೆಸಿಕೊಳ್ಳಬಲ್ಲವರು ತಮ್ಮ ಸಮಸ್ಯೆ ಬಗೆಹರಿಯಿತೆಂದು ಸುಮ್ಮನಾದರೆ, ಕರೆಸಿಕೊಳ್ಳಲು ಯಾರೂ ಇಲ್ಲದ ತಾಯಂದಿರು ಒಂಟಿಯಾಗುತ್ತಾರೆ.