ಹತ್ತೊಂಬತ್ತು ತಿಂಗಳ ಬೀಗ

2020ರ ಮೇ 4ರಂದು ಕರ್ನಾಟಕದಲ್ಲಿ ಹೆಂಡದಂಗಡಿಗಳ ಬೀಗ ತೆಗೆಯಿತು. ಅದೇ ಮಾರ್ಚ್‌ನಲ್ಲಿ ಮುಚ್ಚಿದ ಒಂದರಿಂದ ಐದನೇ ತರಗತಿಗಳ ಬೀಗ ತೆಗೆದದ್ದು 2021ರ ಅಕ್ಟೋಬರ್ 25ರಂದು. ಹತ್ತೊಂಬತ್ತು ತಿಂಗಳು! ಕುಡುಕ ಕಾಯಲಾರ, ಕೂಸು ಕಾಯಬಹುದು. ಇದು ನಮ್ಮನ್ನು ಆಳುವವರ ಲೆಕ್ಕ.

ಆಗ ಜವಳಗೇರಾದ ನನ್ನ ಪ್ರೆಸ್ಸೂ ಮೂಕಾಗಿತ್ತು. ಮದುವೆ ಇಲ್ಲ, ಲಗ್ನಪತ್ರಿಕೆ ಇಲ್ಲ. ಜಾತ್ರೆ ಇಲ್ಲ, ಪೋಸ್ಟರ್ ಇಲ್ಲ. ಒಂದು ದಿನ ಓಣಿಯ ತಾಯಿಯೊಬ್ಬರು ಮಗಳ ಕೈಹಿಡಿದು ಬಂದರು. "ಅಣ್ಣಾರ, ಫೋನಿನ್ಯಾಗ ಪಾಠ ಐತಂತ್ರಿ. ಮನ್ಯಾಗ ಇರೋದು ಒಂದ ಫೋನು, ಅದು ಇವರಪ್ಪನ ಸಂಗಾಟ ಹೊಲಕ್ಕ ಹೋಗತೈತಿ. ಹುಡುಗಿ ಅಕ್ಷರ ಮರೀಲಿಕ್ಕ ಹತ್ಯಾಳ. ಏನರ ಛಾಪಿಸಿ ಕೊಡ್ರಿ" ಅಂದರು. ಲಗ್ನಪತ್ರಿಕೆಗೆಂದು ತಂದಿಟ್ಟ ಕಾಗದದ ಮೇಲೆ ಕಾಗುಣಿತ ಛಾಪಿಸಿ ಕೊಟ್ಟೆ. ಪಿಯುಸಿ ಓದಿದ ನನ್ನ ಕೈಲಾದದ್ದು ಅಷ್ಟೇ.

ಕಷ್ಟ ನಮಗೊಬ್ಬರಿಗೇ ಬಂದದ್ದಲ್ಲ. 2020ರ ಏಪ್ರಿಲ್ ಹೊತ್ತಿಗೆ 190ಕ್ಕೂ ಹೆಚ್ಚು ದೇಶಗಳಲ್ಲಿ 150 ಕೋಟಿಗೂ ಮಿಕ್ಕಿ ವಿದ್ಯಾರ್ಥಿಗಳು ಮನೆಯಲ್ಲಿದ್ದರೆಂದು ಯುನೆಸ್ಕೊ ಲೆಕ್ಕ ಕೊಟ್ಟಿತು. ಕೇಂಬ್ರಿಜ್‌ನಂಥ ವಿಶ್ವವಿದ್ಯಾಲಯವೇ ಉಪನ್ಯಾಸಗಳನ್ನು ಕಂಪ್ಯೂಟರಿಗೆ ಸಾಗಿಸಿತು. ಡೆನ್ಮಾರ್ಕ್ 2020ರ ಏಪ್ರಿಲ್ 15ರಂದೇ ಶಾಲೆ ತೆರೆಯಿತು, ಅದೂ ಚಿಕ್ಕ ಮಕ್ಕಳಿಗೆ ಮೊದಲು. ಬಡದೇಶ ಸಿಯೆರಾ ಲಿಯೋನ್, ಎಬೋಲಾ ಕಾಲದಲ್ಲಿ ಕಲಿತಿದ್ದ ರೇಡಿಯೋ ಪಾಠವನ್ನೇ ಮತ್ತೆ ಕೈಗೆತ್ತಿಕೊಂಡಿತು. ಉಗಾಂಡಾ ಮಾತ್ರ 2022ರ ಜನವರಿಯವರೆಗೆ ಪೂರ್ತಿಯಾಗಿ ಬಾಗಿಲು ತೆರೆಯಲಿಲ್ಲ. ಮಗುವಿನ ಮನೆಯಲ್ಲಿ ಏನಿದೆ ಎಂದು ಮೊದಲು ಕೇಳಿದವರು ದಾರಿ ಕಂಡುಕೊಂಡರು.

ನಾವೂ ಒಮ್ಮೆ ಕೇಳಿದ್ದೆವು. 2020ರ ಆಗಸ್ಟ್‌ನಲ್ಲಿ 'ವಿದ್ಯಾಗಮ' ಬಂತು. ಸರ್ಕಾರಿ ಶಾಲೆಯ ಮೇಷ್ಟ್ರು ಗುಡಿಯ ಕಟ್ಟೆಗೆ, ಮರದ ನೆರಳಿಗೆ ಹೋಗಿ ಕನ್ನಡದಲ್ಲಿ ಪಾಠ ಹೇಳಿದರು. ಚಂದನ ವಾಹಿನಿಯಲ್ಲಿ ಹೈಸ್ಕೂಲು ಪಾಠ ಬಂತು. ಆದರೆ ಶಿಕ್ಷಕರಿಗೆ ಸೋಂಕು ತಗುಲಿತು, ಸಾವುಗಳಾದವು, ಅಕ್ಟೋಬರ್‌ನಲ್ಲಿ ವಿದ್ಯಾಗಮ ನಿಂತಿತು. ಮೇಷ್ಟ್ರ ಜೀವಕ್ಕೆ ರಕ್ಷಣೆ ಕೊಟ್ಟು ನಡೆಸಬೇಕಾದ ಕೆಲಸವನ್ನು ದೇವರ ಮೇಲೆ ಭಾರ ಹಾಕಿ ನಡೆಸಿದರೆ ಇನ್ನೇನಾದೀತು? ಅತ್ತ ಪೇಟೆಯಲ್ಲಿ ಕಲಿಕೆಯ ಆ್ಯಪುಗಳು ಇಂಗ್ಲಿಷಿನಲ್ಲಿ ಕೂಗಿ ಕೂಗಿ ವ್ಯಾಪಾರ ಮಾಡಿದವು. ಕನ್ನಡದ ಮಗುವಿಗೆ ಫೋನೂ ಇಲ್ಲ, ಫೋನಿನೊಳಗೆ ತನ್ನ ಭಾಷೆಯೂ ಇಲ್ಲ.

ಪರೀಕ್ಷೆಗಳ ಕಥೆ ಕೇಳಿ. 2020ರಲ್ಲಿ ಪದವಿಯ ಕೊನೆಯ ವರ್ಷದವರನ್ನು ಬಿಟ್ಟು ಉಳಿದವರನ್ನು ಹಳೆಯ ಅಂಕ ನೋಡಿ ಮುಂದಕ್ಕೆ ತಳ್ಳಿದರು. 2021ರಲ್ಲಿ ದ್ವಿತೀಯ ಪಿಯುಸಿ ಪರೀಕ್ಷೆಯೇ ರದ್ದಾಯಿತು, ಎಸ್ಸೆಸ್ಸೆಲ್ಸಿ ಎರಡೇ ದಿನಕ್ಕೆ ಮುಗಿಯಿತು. ಅದು ಅನಿವಾರ್ಯವಿತ್ತು, ಒಪ್ಪೋಣ. ಆದರೆ ಕಾಗದ ಪಾಸಾಯಿತು, ಕಲಿಕೆ? ನಮ್ಮ ಹಳ್ಳಿಗಳಲ್ಲಿ ಎರಡನೇ ತರಗತಿಯ ಪಾಠ ಓದಬಲ್ಲ ಮೂರನೇ ತರಗತಿಯ ಮಕ್ಕಳು 2018ರಲ್ಲೇ ನೂರಕ್ಕೆ ಸುಮಾರು 19. 2021ರ 'ಅಸರ್' ಸಮೀಕ್ಷೆಯಲ್ಲಿ ಸುಮಾರು 10. 2022ರಲ್ಲಿ 'ಕಲಿಕಾ ಚೇತರಿಕೆ' ಎಂದು ಸರ್ಕಾರ ಹೆಸರಿಟ್ಟಿತು. ಹೆಸರಿಟ್ಟ ಮಾತ್ರಕ್ಕೆ ಕೂಸು ನಡೆಯುವುದಿಲ್ಲ.

ಪೇಟೆಯ ಗೆಳೆಯರೇ, ಆ ಮಕ್ಕಳು ಈಗ ಹೈಸ್ಕೂಲಿಗೆ ಬರುತ್ತಿದ್ದಾರೆ. ಅಂಗಡಿಯ ಬೋರ್ಡಿನಲ್ಲಿ ಕನ್ನಡ ಬೇಕೆಂದು ಬೀದಿಗಿಳಿಯುತ್ತೇವೆ, ಇಳಿಯಲೇಬೇಕು. ಆದರೆ ಆ ಬೋರ್ಡು ಓದಲು ಬಾರದ ಮಗು ನಮ್ಮೂರಲ್ಲಿದ್ದರೆ ಗೆದ್ದದ್ದು ಯಾರು? ಸರ್ಕಾರವನ್ನು ಕೇಳೋಣ: ಮುಂದಿನ ರೋಗ ಬರುವ ಮುನ್ನವೇ ಕನ್ನಡದ ಅಭ್ಯಾಸ ಹಾಳೆಗಳು ಅಚ್ಚಾಗಿ ಶಾಲೆಯ ಕಪಾಟಿನಲ್ಲಿರಲಿ, ರಾಯಚೂರು ಆಕಾಶವಾಣಿಯಲ್ಲಿ ಪಾಠ ಸಿದ್ಧವಿರಲಿ. ನೀವೂ ರಜೆಗೆ ಊರಿಗೆ ಬಂದಾಗ ನಾಲ್ಕು ಮಕ್ಕಳನ್ನು ಕಟ್ಟೆಯ ಮೇಲೆ ಕೂರಿಸಿಕೊಂಡು ಓದಿಸಿ.

ಹಾಳೆ ಬೇಕಾದರೆ ನನ್ನ ಪ್ರೆಸ್ಸಿಗೆ ಬನ್ನಿ. ಕಾಗುಣಿತದ ಅಚ್ಚು ಇನ್ನೂ ತೆಗೆದಿಟ್ಟಿದ್ದೇನೆ.