ಕಾರಿನ ಕಣಿಯನ್ನೂ ಬಿಡಿಸಿ

ಪತ್ತನಾಜೆ ಹತ್ತಿರ ಬಂತೆಂದರೆ ಕಾಣಿಯೂರಿನ ಸುತ್ತ ಎಲ್ಲರ ತೋಟದಲ್ಲೂ ಒಂದೇ ಕೆಲಸ: ಕಣಿ ಬಿಡಿಸುವುದು. ಕಣಿಯಲ್ಲಿ ಸೊಪ್ಪು, ಮಣ್ಣು ತುಂಬಿದ್ದರೆ ಅಡಿಕೆ ಮರದ ಬುಡದಲ್ಲಿ ನೀರು ನಿಲ್ಲುತ್ತದೆ, ಬೇರು ಕೊಳೆಯುತ್ತದೆ. ಇದನ್ನು ಯಾರೂ ನಮಗೆ ಕಲಿಸಬೇಕಿಲ್ಲ. ಆದರೆ ಅಂಗಳದಲ್ಲಿ ನಿಂತಿರುವ ಹಳೇ ಕಾರಿಗೂ ಕಣಿ ಇದೆ ಎಂಬುದು ನಮಗೆ ಗೊತ್ತಾದದ್ದು ಮೂರು ಮಳೆಗಾಲ ಕಾಲು ಒದ್ದೆ ಮಾಡಿಕೊಂಡ ಮೇಲೆ.

ನಮ್ಮದು ಸಣ್ಣ ಕಾರು, ಸೆಕೆಂಡ್ ಹ್ಯಾಂಡ್. ಹಲಸಿನ ಮರದ ಕೆಳಗೆ ನಿಲ್ಲಿಸುತ್ತೇವೆ. ಸವಣೂರು ದಾರಿಯಾಗಿ ಪುತ್ತೂರಿಗೆ ಸುದ್ದಿಗೆ ಹೋಗಲೂ ಅದೇ, ಅಮ್ಮನನ್ನು ಡಾಕ್ಟರ್ ಹತ್ತಿರ ಕರೆದುಕೊಂಡು ಹೋಗಲೂ ಅದೇ. ಮಳೆ ನಿಂತ ಮೇಲೂ ತಿರುವಿನಲ್ಲಿ ಎಡಗಡೆ ಕಾಲಬುಡದಲ್ಲಿ ನೀರು ಕುಲುಕುವ ಸದ್ದು. ಮ್ಯಾಟ್ ಎತ್ತಿದರೆ ಬೂಷ್ಟಿನ ವಾಸನೆ. ಗ್ಯಾರೇಜಿನಲ್ಲಿ ಸಿಕ್ಕಿದ ಉತ್ತರ: "ಹಳೇ ಗಾಡಿ ಮಾರಾಯ್ರೆ, ಸ್ವಲ್ಪ ಸೋರ್ತದೆ." ಮುಂದಿನ ಗಾಜಿನ ಸುತ್ತ ಸಿಲಿಕಾನ್ ಬಳಿದು ಕೊಟ್ಟರು. ಮರುವರ್ಷ ಮತ್ತೆ ಬಳಿದರು. ಅದರ ಮುಂದಿನ ವರ್ಷ ನಾವೇ ಟ್ಯೂಬ್ ತಂದು ಬಳಿದೆವು. ನೀರು ಬರುವುದು ನಿಲ್ಲಲಿಲ್ಲ.

ತಪ್ಪು ಎಲ್ಲಿತ್ತೆಂದರೆ, ನೀರು ಕಂಡ ಜಾಗಕ್ಕೆ ನಾವು ಮದ್ದು ಹಚ್ಚುತ್ತಿದ್ದೆವು. ಹಂಚಿನ ಮನೆಯಲ್ಲಿ ಇದ್ದವರಿಗೆ ಇದು ಗೊತ್ತು: ಹಂಚು ಒಡೆದದ್ದು ಮೇಲೆ ಒಂದು ಕಡೆ, ಪಕ್ಕಾಸಿನಗುಂಟ ಹರಿದು ಹನಿ ಬೀಳುವುದು ಇನ್ನೊಂದು ಕಡೆ. ಕಾರೂ ಹಾಗೆಯೇ.

ಹುಡುಕುವುದಕ್ಕೆ ಒಂದು ಕ್ರಮ ಇದೆ. ಮೊದಲು ಅದು ಮಳೆನೀರೇ ಹೌದಾ ನೋಡಿ. ಮಳೆ ಇಲ್ಲದ ದಿನ ಎಸಿ ಹಾಕಿ ಓಡಿಸಿದಾಗಲೂ ನೆಲ ಒದ್ದೆಯಾದರೆ ಎಸಿಯ ನೀರು ಹೊರಗೆ ಹೋಗುವ ಪೈಪು ಕಟ್ಟಿಕೊಂಡಿರಬಹುದು. ನೀರಿಗೆ ಬಣ್ಣ, ಅಂಟು, ಸಿಹಿ ವಾಸನೆ ಇದ್ದರೆ ಅದು ಕೂಲಂಟ್. ಎರಡೂ ಅಲ್ಲವಾದರೆ ಮ್ಯಾಟನ್ನೂ ಅದರಡಿಯ ದಪ್ಪ ಹಾಸನ್ನೂ ಎತ್ತಿ ಒಣಗಿಸಿ, ನೆಲಕ್ಕೆ ಹಳೇ ಪೇಪರ್ ಹಾಸಿ. ಒಬ್ಬರು ಟಾರ್ಚ್ ಹಿಡಿದು ಒಳಗೆ ಕೂರಬೇಕು, ಇನ್ನೊಬ್ಬರು ಹೊರಗಿಂದ ಪೈಪಿನಲ್ಲಿ ನೀರು ಬಿಡಬೇಕು. ನೀರು ಮೆಲ್ಲನೆ ಬರಬೇಕು, ಕೆಳಗಿನಿಂದ ಶುರುವಾಗಬೇಕು: ಮೊದಲು ಬಾಗಿಲು, ಆಮೇಲೆ ವೈಪರ್ ಬುಡ, ಆಮೇಲೆ ಗಾಜು, ಕೊನೆಗೆ ಮಾಡು. ಒಂದೊಂದು ಕಡೆ ಐದರಿಂದ ಹತ್ತು ನಿಮಿಷ. ಮೇಲಿಂದಲೇ ಸುರಿದರೆ ಎಲ್ಲ ಕಡೆಯೂ ಒದ್ದೆಯಾಗಿ ಏನೂ ತಿಳಿಯುವುದಿಲ್ಲ.

ನಮ್ಮ ಕಾರಿನಲ್ಲಿ ವೈಪರ್ ಬುಡದ ಜಾಲರಿಗೆ ನೀರು ಬಿಟ್ಟಾಗ ಮೊದಲು ಏನೂ ಆಗಲಿಲ್ಲ. ಸ್ವಲ್ಪ ಹೊತ್ತಿನ ನಂತರ ಡ್ಯಾಶ್‌ಬೋರ್ಡ್ ಹಿಂದಿನಿಂದ ಪೇಪರ್ ಮೇಲೆ ಟಪ್ ಟಪ್ ಹನಿ. ಜಾಲರಿ ಬಿಚ್ಚಿದರೆ ಒಳಗೆ ಹಲಸಿನ ಎಲೆ ಕೊಳೆತು ಗೊಬ್ಬರವೇ ಆಗಿದೆ! ಮುಂದಿನ ಗಾಜಿನ ನೀರೆಲ್ಲ ಈ ತೊಟ್ಟಿಗೆ ಇಳಿದು, ಎರಡು ಬದಿಯ ತೂತಿನಿಂದ ಕೆಳಗೆ ಹೋಗಬೇಕು. ತೂತು ಮುಚ್ಚಿದರೆ ನೀರು ಏರಿ, ಕಾರಿನೊಳಗೆ ಗಾಳಿ ಹೋಗುವ ಬಾಯಿಯಿಂದ ಒಳಗೆ ಬರುತ್ತದೆ. ಕೈ ಹಾಕಿ ಒಂದು ಬಕೆಟ್ ಕಸ ತೆಗೆದೆವು.

ಆದರೂ ಮುಂದಿನ ಮಳೆಗೆ ಬಾಗಿಲ ಬದಿಯ ಪೇಪರ್ ಒದ್ದೆ. ಇನ್ನೊಂದು ಪಾಠ ಆಗ ಸಿಕ್ಕಿತು. ಕಿಟಕಿ ಗಾಜಿನ ಪಕ್ಕದಿಂದ ಬಾಗಿಲೊಳಗೆ ನೀರು ಇಳಿಯುವುದು ಸಹಜ. ಕಾರು ಮಾಡಿದ್ದೇ ಹಾಗೆ. ಅದು ಬಾಗಿಲಿನ ಅಡಿಯ ತೂತಿನಿಂದ ಹೊರಹೋಗುತ್ತದೆ. ಒಳಬದಿಗೆ ಬರದಂತೆ ಒಂದು ಪ್ಲಾಸ್ಟಿಕ್ ಹಾಳೆ ಅಂಟಿಸಿರುತ್ತಾರೆ. ಹಿಂದೆ ಯಾವಾಗಲೋ ಕಿಟಕಿ ರಿಪೇರಿಯಲ್ಲಿ ಅದನ್ನು ಹರಿದು ಹಾಗೇ ಮುಚ್ಚಿದ್ದರು. ದಪ್ಪ ಪ್ಲಾಸ್ಟಿಕ್ ಕತ್ತರಿಸಿ ಬ್ಯುಟೈಲ್ ಟೇಪಿನಲ್ಲಿ ಅಂಟಿಸಿ, ಕೆಳ ಅಂಚನ್ನು ಬಾಗಿಲೊಳಕ್ಕೆ ಇಳಿಬಿಟ್ಟೆವು. ಅಡಿಯ ತೂತುಗಳನ್ನು ಕಡ್ಡಿ ಹಾಕಿ ಬಿಡಿಸಿದೆವು. ನೀರು ನಿಂತಿತು.

ಮಾರುತಿ 800, ಓಮ್ನಿಯಂಥ ಗಾಡಿಗಳಲ್ಲಿ ಗಾಜು ರಬ್ಬರ್ ಬೀಡಿಂಗಿನಲ್ಲಿ ಕೂತಿರುತ್ತದೆ. ಅಲ್ಲೇ ಸೋರುತ್ತಿದ್ದರೆ ಬೀಡಿಂಗ್ ಬದಲಾಯಿಸಿ, ಅಡಿಯ ತುಕ್ಕು ಉಜ್ಜಿ ಪೈಂಟ್ ಹೊಡೆಸಿ. ಮೇಲಿಂದ ಸಿಲಿಕಾನ್ ಬಳಿದರೆ ಒಳಗೆ ಸೇರಿದ ನೀರಿಗೂ ದಾರಿ ಮುಚ್ಚುತ್ತದೆ. ವಿನೆಗರ್ ವಾಸನೆಯ ಸಿಲಿಕಾನಂತೂ ತಗಡಿಗೆ ತುಕ್ಕು ಹಿಡಿಸುತ್ತದೆ. ಡಿಕ್ಕಿಯಲ್ಲಿ ನೀರಿದ್ದರೆ ಹಿಂದಿನ ಲೈಟಿನ ವಾಷರ್ ನೋಡಿ.

ಇದು ಬರೀ ವಾಸನೆಯ ವಿಷಯ ಅಲ್ಲ. ನಮ್ಮ ಜಿಲ್ಲೆಯಲ್ಲಿ ವರ್ಷಕ್ಕೆ ಮೂರೂವರೆ ಸಾವಿರ ಮಿಲಿಮೀಟರಿಗೂ ಹೆಚ್ಚು ಮಳೆ. ಹಾಸಿನಡಿ ನಿಂತ ನೀರು ನೆಲದ ತಗಡನ್ನೂ ವೈರಿನ ಜೋಡಣೆಯನ್ನೂ ತಿನ್ನುತ್ತದೆ. 15 ವರ್ಷ ತುಂಬಿದ ಕಾರಿನ ಆರ್‌ಸಿ ನವೀಕರಣದ ಶುಲ್ಕ 2022ರ ಏಪ್ರಿಲ್‌ನಿಂದ 600 ರೂಪಾಯಿ ಇದ್ದದ್ದು 5,000 ಆಯಿತು. ಅಷ್ಟು ದುಡ್ಡು ಹೊಂದಿಸಿ ತಪಾಸಣೆಗೆ ಹೋಗುವಾಗ ನೆಲದಲ್ಲಿ ತೂತು ಇದ್ದರೆ ಗತಿ ಏನು? ಹೊಸ ಕಾರು ಕೊಳ್ಳಲಾಗದ ಮನೆಗೆ ಅದು ಒಂದೇ ವಾಹನ.

ಮೆಕ್ಯಾನಿಕ್ ಅಣ್ಣಂದಿರನ್ನು ಮಾತ್ರ ದೂರಿ ಪ್ರಯೋಜನ ಇಲ್ಲ. ಪಾರ್ಟಿಗೆ ಕೇಳಿದಷ್ಟು ಕೊಡುವ ನಾವು, ಎರಡು ಗಂಟೆ ಹುಡುಕಿದ್ದಕ್ಕೆ ಕೂಲಿ ಕೇಳಿದರೆ "ಏನು ಮಾಡಿದ್ದೀರಿ ಅಂತ?" ಎನ್ನುತ್ತೇವೆ. ಹಾಗಾಗಿ ಅವರೂ ಐದು ನಿಮಿಷದಲ್ಲಿ ಸಿಲಿಕಾನ್ ಬಳಿದು ಕಳಿಸುತ್ತಾರೆ. ಹುಡುಕುವುದೂ ಕೆಲಸವೇ. ಅದಕ್ಕೆ ಕೂಲಿ ಕೊಡೋಣ, ಇಲ್ಲವೇ ಒಂದು ಭಾನುವಾರ ನಾವೇ ಪೈಪು ಹಿಡಿಯೋಣ.

ಬರುವ ಪತ್ತನಾಜೆಗೆ ತೋಟದ ಕಣಿ ಬಿಡಿಸಿ ಕೈಕಾಲು ತೊಳೆಯುವ ಮೊದಲು, ಕಾರಿನ ವೈಪರ್ ಬುಡಕ್ಕೂ ಒಮ್ಮೆ ಕೈ ಹಾಕಿ ನೋಡಿ.