ಪದವಿವೇಕ: ಮೋಸದ ಹಲವು ಹೆಸರುಗಳು

ಮೋಸವನ್ನು ಸೂಚಿಸುವ ಪದಗಳು ಇಂಗ್ಲಿಷಿನಲ್ಲಿ ಹಲವಾರು. ನಾವಾದರೋ ಅವೆಲ್ಲವನ್ನೂ 'ಮೋಸ' ಎಂಬ ಒಂದೇ ಮಾತಿನಲ್ಲಿ ಮುಗಿಸಿಬಿಡುತ್ತೇವೆ. ಅವುಗಳ ಅಂತರವನ್ನು ಅರಿಯುವುದು ಕೇವಲ ಪಾಂಡಿತ್ಯದ ವಿಷಯವಲ್ಲವೆಂಬುದು ಈಚೆಗೆ ನನಗೆ ಮನವರಿಕೆಯಾಯಿತು.

ನಮ್ಮ ಓಣಿಯ ನಿವೃತ್ತ ಶಿಕ್ಷಕರೊಬ್ಬರು ದೂರು ಬರೆಯಲು ನೆರವು ಕೇಳಿ ಬಂದರು. ಪೊಲೀಸ್ ಅಧಿಕಾರಿಯೆಂದು ಹೇಳಿಕೊಂಡವನೊಬ್ಬ ದೂರವಾಣಿಯಲ್ಲಿ 'ಡಿಜಿಟಲ್ ಅರೆಸ್ಟ್' ಎಂದು ಬೆದರಿಸಿ, ಅವರ ಉಳಿತಾಯದ ಹಣವನ್ನು ಕಸಿದುಕೊಂಡಿದ್ದನು. ಘಟನೆ ನಡೆದು ನಾಲ್ಕು ದಿನಗಳಾಗಿದ್ದವು. ಮಕ್ಕಳಿಗೂ ತಿಳಿಸಿರಲಿಲ್ಲ. ಅವರು ತಂದ ಕಾಗದದ ಮೊದಲ ಸಾಲು, 'ನನ್ನ ದಡ್ಡತನದಿಂದ ಮೋಸಹೋದೆನು' ಎಂದಿತ್ತು.

ಪದಗಳನ್ನು ಒಂದೊಂದಾಗಿ ನೋಡೋಣ. 'ಟ್ರಿಕ್' ಎಂಬುದು ಇವುಗಳಲ್ಲಿ ಹಗುರವಾದುದು. ಜಾದೂಗಾರನ ಕೈಚಳಕವೂ ಟ್ರಿಕ್, ಕಳ್ಳನ ಉಪಾಯವೂ ಟ್ರಿಕ್. ಉದ್ದೇಶವೇ ಅದರ ಗುಣವನ್ನು ನಿರ್ಧರಿಸುತ್ತದೆ. 'ಡಿಸೀವ್' ಎಂಬುದರ ಲ್ಯಾಟಿನ್ ಮೂಲದಲ್ಲಿ 'ಹಿಡಿಯುವುದು' ಎಂಬ ಅರ್ಥವಿದೆ, ಅಂದರೆ ಬಲೆಗೆ ಕೆಡಹುವುದು. ಸುಳ್ಳನ್ನು ನಿಜವೆಂದು ನಂಬಿಸುವುದೇ ಇದರ ತಿರುಳು. ಹಣದ ಮಾತೇ ಇಲ್ಲದೆಯೂ, ಕೆಲವೊಮ್ಮೆ ಬರಿಯ ಮೌನದಿಂದಲೂ ಇದನ್ನು ಮಾಡಬಹುದು.

'ಚೀಟ್' ಎಂಬ ಪದದ ಕಥೆ ಸ್ವಾರಸ್ಯಕರ. ಮಧ್ಯಯುಗದ ಇಂಗ್ಲೆಂಡಿನಲ್ಲಿ ವಾರಸುದಾರರಿಲ್ಲದೆ ತೀರಿಕೊಂಡವನ ಭೂಮಿ ಒಡೆಯನಿಗೋ ರಾಜನಿಗೋ ಸೇರುತ್ತಿತ್ತು. ಈ ಪದ್ಧತಿಗೆ 'ಎಸ್ಚೀಟ್' ಎಂದು ಹೆಸರು. ಅದನ್ನು ನೋಡಿಕೊಳ್ಳುವ ಅಧಿಕಾರಿಗಳು ಅನ್ಯಾಯದಿಂದ ಆಸ್ತಿ ಕಬಳಿಸುತ್ತಾರೆಂಬ ಅಪಕೀರ್ತಿಯಿಂದ 'ಚೀಟ್' ಎಂಬ ಪದಕ್ಕೆ ಇಂದಿನ ಅರ್ಥ ಬಂದಿತು. 'ಫ್ರಾಡ್' ಎಂಬುದು ಕಾನೂನಿನ ತೂಕವುಳ್ಳ ಮಾತು. 1872ರ ಭಾರತೀಯ ಕರಾರು ಅಧಿನಿಯಮದ 17ನೆಯ ಕಲಮಿನ ಪ್ರಕಾರ, ವಂಚಿಸುವ ಉದ್ದೇಶದಿಂದ ಸತ್ಯವನ್ನು ಬೇಕೆಂದೇ ಮರೆಮಾಚುವುದೂ ನೆರವೇರಿಸುವ ಉದ್ದೇಶವಿಲ್ಲದೆ ವಚನ ಕೊಡುವುದೂ ಫ್ರಾಡ್ ಎನಿಸುತ್ತವೆ. 'ಬ್ಲಫ್' ಎಂದರೆ ಇಲ್ಲದ ಬಲವನ್ನು ಇದೆಯೆಂದು ತೋರಿಸಿ ಅಂಜಿಸುವುದು. 'ಡಿಜಿಟಲ್ ಅರೆಸ್ಟ್' ಇಂಥದೇ ಬ್ಲಫ್. ನಮ್ಮ ಕಾಯಿದೆಯಲ್ಲಿ ಅಂಥ ಬಂಧನವೇ ಇಲ್ಲ.

ಇನ್ನು 'ಕಾನ್' ಎಂಬುದು 'ಕಾನ್ಫಿಡೆನ್ಸ್', ಅಂದರೆ ವಿಶ್ವಾಸ ಎಂಬುದರ ಮೊಟಕು ರೂಪ. 1849ರಲ್ಲಿ ನ್ಯೂಯಾರ್ಕಿನಲ್ಲಿ ವಿಲಿಯಂ ಥಾಂಪ್ಸನ್ ಎಂಬವನು ಸೆರೆಸಿಕ್ಕನು. ಅವನು ಸಭ್ಯ ಉಡುಪಿನಲ್ಲಿ ಅಪರಿಚಿತರೊಡನೆ ಮಾತಿಗಿಳಿದು, ನಾಳೆಯವರೆಗೆ ನಿಮ್ಮ ಗಡಿಯಾರವನ್ನು ನನಗೆ ಕೊಡುವಷ್ಟು ವಿಶ್ವಾಸ ನನ್ನಲ್ಲಿದೆಯೇ ಎಂದು ಕೇಳುತ್ತಿದ್ದನು. ಕೊಟ್ಟವರಿಗೆ ಗಡಿಯಾರ ಮರಳುತ್ತಿರಲಿಲ್ಲ. ಪತ್ರಿಕೆಗಳು ಅವನನ್ನು 'ಕಾನ್ಫಿಡೆನ್ಸ್ ಮ್ಯಾನ್' ಎಂದು ಕರೆದವು. ಗಮನಿಸಿರಿ: ಇಲ್ಲಿ ಕಳ್ಳನಿಗೆ ಬಂಡವಾಳವಾದುದು ಎದುರಿನವರ ದಡ್ಡತನವಲ್ಲ, ಅವರ ಸೌಜನ್ಯ.

ನಮ್ಮ ನುಡಿಯಲ್ಲಿ ಒಂದು ತೊಡಕಿದೆ. 'ಮೋಸಹೋದೆ' ಎನ್ನುವಾಗ ಕರ್ತೃ 'ನಾನು' ಆಗುತ್ತೇನೆ, ನಾನೇ ನಡೆದುಹೋಗಿ ಬಿದ್ದಂತೆ. ವಂಚಕನಿಗೆ ಆ ವಾಕ್ಯದಲ್ಲಿ ಸ್ಥಳವೇ ಇಲ್ಲ. ಆದುದರಿಂದ ಶಿಕ್ಷಕರ ಕಾಗದದ ಮೊದಲ ಸಾಲನ್ನು ತಿದ್ದಿ, 'ಒಬ್ಬನು ಪೊಲೀಸ್ ಅಧಿಕಾರಿಯ ವೇಷದಲ್ಲಿ ನನ್ನನ್ನು ವಂಚಿಸಿ ಹಣ ಪಡೆದಿದ್ದಾನೆ' ಎಂದು ಬರೆದೆವು. ಕಾಯಿದೆಯೂ ಇದನ್ನು ಹೀಗೆಯೇ ಕಾಣುತ್ತದೆ. ಹಿಂದೆ 420ನೆಯ ಕಲಮಿನಡಿ ಬರುತ್ತಿದ್ದ ವಂಚನೆಯು 2024ರ ಜುಲೈ 1ರಿಂದ ಭಾರತೀಯ ನ್ಯಾಯ ಸಂಹಿತೆಯ 318ನೆಯ ಕಲಮಿನಲ್ಲಿದೆ. ಬೇರೊಬ್ಬನೆಂದು ನಟಿಸಿ ವಂಚಿಸುವುದು 319ನೆಯ ಕಲಮಿನಲ್ಲಿದೆ. ಎರಡರಲ್ಲಿಯೂ ಅಪರಾಧಿ ವಂಚಿಸಿದವನೇ.

ಇಂಥ ಪ್ರಸಂಗದಲ್ಲಿ 1930 ಸಂಖ್ಯೆಗೆ ಕೂಡಲೇ ಕರೆಮಾಡಿದರೆ, ಹಣ ಕೈದಾಟುವ ಮೊದಲೇ ಅದನ್ನು ತಡೆಹಿಡಿಯುವ ಸಾಧ್ಯತೆಯುಂಟು. ನಮ್ಮ ಶಿಕ್ಷಕರು ಲಜ್ಜೆಯಿಂದ ಕಳೆದುಕೊಂಡದ್ದು ಆ ನಾಲ್ಕು ದಿನಗಳನ್ನು. ಮನೆಯ ಹಿರಿಯರು ಇಂಥ ಸಂಕಟವನ್ನು ಹೇಳಿಕೊಂಡಾಗ 'ನೀವೇಕೆ ನಂಬಿದಿರಿ?' ಎಂದು ಮೊದಲು ಕೇಳದಿರೋಣ. 'ಯಾವಾಗ ನಡೆಯಿತು?' ಎಂದು ಕೇಳೋಣ.

ತಿದ್ದಿದ ಕಾಗದವನ್ನು ಅವರು ಎರಡು ಸಲ ಓದಿಕೊಂಡರು. ಬಳಿಕ ಅಲ್ಲಿಂದಲೇ ಮಗನಿಗೆ ದೂರವಾಣಿ ಮಾಡಿದರು.